ಎರಡು ಬಕೆಟ್ ನೀರು, 14 ಕುಂಡ: ಬೀದರ್ ಬ್ಯಾಸಗಿಯ ಗಿಡದ ಲೆಕ್ಕ

ಹಿಂದೆ ಕೋಗಿಲೆ ಕೂಗೋದು ಕೇಳಿಸ್ತಿದ್ರೆ ಅದು ಸೌಂಡ್ ಎಫೆಕ್ಟ್ ಅಲ್ಲ. ಬೆಳಿಗ್ಗೆ ಐದೂ ಮುಕ್ಕಾಲು. ಬೀದರ್‌ನಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಇನ್ನು ಮೂರು ತಾಸು ಹೋದ್ರೆ ಇಲ್ಲಿ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ, ಅದಕ್ಕೇ ಈಗ.

ಇವತ್ತಿನ ಮಾತು ಬ್ಯಾಸಗಿಯಲ್ಲಿ ಗಿಡ ಉಳಿಸಿಕೊಳ್ಳೋದರ ಬಗ್ಗೆ. ನಾನು ತೋಟಗಾರಿಕೆ ಓದಿದವನಲ್ಲ, ಬಿ.ಕಾಂ. ಆದ್ರೆ ಹೋದ ವರ್ಷ ನಾನು ಮಾಡಿದ ತಪ್ಪುಗಳಿಂದ ನಿಮಗೆ ಒಂದಿಷ್ಟು ಉಪಯೋಗ ಆಗಬಹುದು.

ಹೋದ ವರ್ಷ ಫೆಬ್ರುವರಿಯಲ್ಲಿ ರೀಲ್ಸ್ ನೋಡಿ ಹುರುಪು ಬಂದು ಇದೇ ಮಾಳಿಗೆ ಮೇಲೆ 31 ಕುಂಡ ಇಟ್ಟೆ. ಟೊಮೆಟೊ, ಮೆಣಸಿನಕಾಯಿ, ಗುಲಾಬಿ, ದಾಸವಾಳ, ಕರಿಬೇವು, ಪುದೀನಾ, ಎಲ್ಲಾ. ಮಿರ್ಗದ ಮಳೆ ಬರೋ ಹೊತ್ತಿಗೆ ಉಳಿದಿದ್ದು 14. ಸತ್ತ 17 ಗಿಡದ್ದು ಕೂತು ಲೆಕ್ಕ ಹಾಕಿದೆ. ಗಿಡ, ಕುಂಡ, ಕೋಕೋಪೀಟ್ ಸೇರಿ 3,400 ರೂಪಾಯಿ. ಅದು ಹೋದ್ರೆ ಹೋಗ್ಲಿ. ಮನಸ್ಸಿಗೆ ಹತ್ತಿದ್ದು ಬೇರೆ. ನಳ ಬರದ ದಿನ ಮೇಲಿನ ಟಾಕಿ ಖಾಲಿ ಇರ್ತಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಅವ್ವ ಕೆಳಗಿನ ಸಂಪಿನಿಂದ ಎರಡೆರಡು ಬಕೆಟ್ ನೀರು ಮೆಟ್ಟಿಲು ಹತ್ತಿಸ್ತಿದ್ಲು. ಮೊಣಕಾಲು ನೋವು ಅವಳಿಗೆ. ಗಿಡ ಹಚ್ಚಿದವನು ನಾನು, ನೀರು ಹೊತ್ತವಳು ಅವ್ವ. ನನಗೆ ಗೊತ್ತಾಗಿದ್ದೇ ಮೇ ತಿಂಗಳಲ್ಲಿ.

ಅದಕ್ಕೇ ಈ ವರ್ಷ ಮೊದಲು ಮಾಡಿದ ಕೆಲಸ ಲೆಕ್ಕ. ಮನೆ ಕೆಲಸ ಎಲ್ಲಾ ಮುಗಿದು ಗಿಡಕ್ಕೆ ಅಂತ ದಿನಕ್ಕೆ ಎಷ್ಟು ನೀರು ಉಳೀತದೆ? ನಮ್ಮ ಮನೇಲಿ ಎರಡು ಬಕೆಟ್, 30 ಲೀಟರ್. ಅಷ್ಟೇ ನಮ್ಮ ಬಜೆಟ್. ನೀವೂ ಇವತ್ತು ಒಂದು ಕೆಲಸ ಮಾಡಿ. ಪೈಪ್ ಹಿಡಿದು ಗಿಡಕ್ಕೆ ಬಿಡೋ ಬದಲು ಅದೇ ಪೈಪ್ ಬಕೆಟ್‌ಗೆ ಬಿಟ್ಟು, ತುಂಬೋಕೆ ಎಷ್ಟು ಸೆಕೆಂಡ್ ಆಗ್ತದೆ ನೋಡಿ. ನಮ್ಮಲ್ಲಿ 15 ಲೀಟರ್ ಬಕೆಟ್ 70 ಸೆಕೆಂಡಿಗೆ ತುಂಬಿತು. ಅಂದ್ರೆ ಫೋನಲ್ಲಿ ಮಾತಾಡ್ತಾ ಹತ್ತು ನಿಮಿಷ ಪೈಪ್ ಹಿಡಿದು ನಿಂತ್ರೆ 130 ಲೀಟರ್ ಹೋಯ್ತು. ಈಗ ನಾನು ಮಗ್ಗಿನಲ್ಲಿ ಹಾಕ್ತೀನಿ, ಪೈಪ್ ಮುಟ್ಟಲ್ಲ.

ಇನ್ನು ಮಾಳಿಗೆ ವಿಷಯ. ನಾನು ಮಾಡಿದ ದೊಡ್ಡ ತಪ್ಪು, ಮಧ್ಯಾಹ್ನ ಎಲೆ ಜೋತು ಬಿದ್ದದ್ದು ನೋಡಿ ಗಾಬರಿಯಾಗಿ ನೀರು ಹಾಕಿದ್ದು. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ನೀರು ಕೈಗೇ ಚುರುಕ್ ಅಂತಿತ್ತು, ಬೇರಿಗೆ ಹೆಂಗಾಗಿರಬೇಕು ಹೇಳಿ. ಮಧ್ಯಾಹ್ನ ಎಲೆ ಜೋತು ಬಿದ್ರೆ ಪ್ರತಿ ಸಲ ನೀರಡಿಕೆ ಅಂತಲ್ಲ. ಬೇರು ಎಳೆದು ಕೊಡೋದಕ್ಕಿಂತ ಜೋರಾಗಿ ಎಲೆಯಿಂದ ನೀರು ಆವಿ ಆಗ್ತಿರ್ತದೆ. ಸಂಜೆ ಏಳಕ್ಕೆ ಮತ್ತೆ ನೋಡಿ, ಎದ್ದು ನಿಂತಿದ್ರೆ ಆರಾಮಿದೆ. ಆಗಲೂ ಜೋತಿದ್ರೆ ಬೆರಳನ್ನು ಎರಡು ಇಂಚು ಮಣ್ಣಲ್ಲಿ ತೂರಿಸಿ. ಒಣಗಿದ್ರೆ ನೀರು ಹಾಕಿ, ತೇವ ಇದ್ರೆ ಸುಮ್ಮನಿರಿ. ಉಳಿದಂತೆ ನೀರು ಹಾಕೋದು ಬೆಳಿಗ್ಗೆ ಏಳರೊಳಗೆ.

ಎರಡನೇದು, ಸ್ಲ್ಯಾಬಿನ ಕಾವು. ಕುಂಡವನ್ನು ನೇರ ಕಾಂಕ್ರೀಟ್ ಮೇಲೆ ಇಡಬೇಡಿ, ಎರಡು ಇಟ್ಟಂಗಿ ಮೇಲೆ ಇಡಿ. ಕರಿ ಪ್ಲಾಸ್ಟಿಕ್ ಕುಂಡಕ್ಕೆ ಹಳೇ ಗೋಣಿಚೀಲ ಸುತ್ತಿ. ಎಲ್ಲಾ ಕುಂಡಗಳನ್ನು ಒಂದಕ್ಕೊಂದು ಹತ್ತಿರ ಸೇರಿಸಿ, ದೊಡ್ಡವು ಪಶ್ಚಿಮಕ್ಕೆ, ಸಣ್ಣವು ಅವುಗಳ ನೆರಳಲ್ಲಿ. ಮೇಲೆ 50 ಪರ್ಸೆಂಟಿನ ಹಸಿರು ನೆಟ್ ಕಟ್ಟಿ. ನೆಟ್ ಇಲ್ಲಾಂದ್ರೆ ಹಳೇ ಕಾಟನ್ ಸೀರೆ ನಡೀತದೆ, ನಮ್ಮಲ್ಲಿ ಈಗ ಇರೋದು ಅದೇ.

ಕೋಕೋಪೀಟ್ ಪೂರ್ತಿ ಒಣಗಿದ್ರೆ ನೀರು ಕುಡಿಯಲ್ಲ, ಅಂಚಿನಿಂದ ಇಳಿದು ಕೆಳಗೆ ಸೋರಿ ಹೋಗ್ತದೆ. ಆಗ ಕುಂಡವನ್ನೇ ಅರ್ಧ ತಾಸು ನೀರಿನ ಬುಟ್ಟಿಯಲ್ಲಿ ಕೂಡಿಸಿ. ಅಕ್ಕಿ, ಬೇಳೆ ತೊಳೆದ ನೀರು ಗಿಡಕ್ಕೆ ನಡೀತದೆ. ಆರ್‌ಒ ಮಷೀನ್ ಹೊರಗೆ ಬಿಡೋ ನೀರು, ಕೂಲರ್ ತಳದಲ್ಲಿ ಉಳಿದ ನೀರು ಕುಂಡಕ್ಕೆ ಬೇಡ. ಎರಡರಲ್ಲೂ ಉಪ್ಪು ಸೇರಿಕೊಂಡಿರ್ತದೆ. ಮಣ್ಣಿನ ಮೇಲೆ ಬಿಳೀ ಪುಡಿ ಕಂಡ್ರೆ ಅದೇ. ಆ ನೀರು ಅಂಗಳ ತೊಳೆಯೋಕೆ ಇಟ್ಟುಕೊಳ್ಳಿ.

ಈಗ ಭಾಲ್ಕಿಗೆ ಹೋಗೋಣ. ಅಲ್ಲಿ ನಮ್ಮ ಅಕ್ಕನ ಮನೆ. ಅವಳಿಗೆ ಮಾಳಿಗೆ ತೋಟ ಇಲ್ಲ, ಮನೆ ಮುಂದೆ ನೆಲ ಇದೆ. ಬೀದರ್ ಶಹರ ಇರೋದು ಕೆಂಪು ಜಂಬಿಟ್ಟಿಗೆ ಗುಡ್ಡದ ಮೇಲೆ, ನಮ್ಮ ಮಣ್ಣಲ್ಲಿ ಹಾಕಿದ ನೀರು ಸರ್ರನೆ ಇಳಿದು ಹೋಗ್ತದೆ. ಅಕ್ಕನ ಅಂಗಳದ್ದು ಎರೆಮಣ್ಣು. ಏಪ್ರಿಲ್‌ನಲ್ಲಿ ಅದು ಬಿರುಕು ಬಿಡ್ತದೆ, ನನ್ನ ಫೋನೇ ಒಳಗೆ ಬೀಳುವಷ್ಟು. ಆ ಬಿರುಕಿನಿಂದ ಒಳಗಿನ ತೇವ ಆರಿ ಹೋಗ್ತದೆ, ಬೇರೂ ಹರೀತದೆ. ನೀರು ಸುರಿದ್ರೆ ಬಿರುಕಲ್ಲಿ ಇಳಿದು ಬೇರಿಗೆ ಸಿಗದ ಆಳಕ್ಕೆ ಹೋಗ್ತದೆ.

ನಾನು ಯೂಟ್ಯೂಬ್ ಹುಡುಕ್ತಾ ಕೂತಿದ್ದಾಗ ನಮ್ಮ ಮಾಮಾ, ಅಂದ್ರೆ ಅಕ್ಕನ ಗಂಡ, ಕುರುಪಿ ತಗೊಂಡು ಬಂದ್ರು. ಗಿಡದ ಸುತ್ತ ಮೇಲಿನ ಎರಡು ಇಂಚು ಮಣ್ಣು ಕೆದರಿ, ಹುಡಿ ಮಾಡಿ, ಬಿರುಕಲ್ಲಿ ತುಂಬಿದ್ರು. "ಹೊಲದಾಗ ಎಡಿ ಹೊಡೆಯಲ್ಲೇನೋ, ಇದೂ ಹಂಗೇ" ಅಂದ್ರು. ಮೇಲಿನ ಹುಡಿ ಮಣ್ಣು ಮುಚ್ಚಳದ ಹಾಗೆ ಕೆಲಸ ಮಾಡ್ತದೆ. ಅದರ ಮೇಲೆ ಕಬ್ಬಿನ ರವದಿ ಮೂರು ಇಂಚು ಹಾಸಿದ್ವಿ. ನಿಮ್ಮಲ್ಲಿ ತೊಗರಿ ಹೊಟ್ಟು, ಒಣ ಎಲೆ, ಜೋಳದ ಕಣಿಕೆ ಯಾವುದಿದ್ರೂ ಆಯ್ತು. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ, ಇಲ್ಲಾಂದ್ರೆ ಕೊಳೀತದೆ. ದಿನಾ ನೀರು ಹಾಕ್ತಿದ್ದ ಅಕ್ಕ ಈಗ ನಾಲ್ಕು ದಿನಕ್ಕೊಮ್ಮೆ ಹಾಕ್ತಾಳೆ.

ಇಷ್ಟೆಲ್ಲಾ ಕಲಿತ ಹುಮ್ಮಸ್ಸಿನಲ್ಲಿ ಔರಾದ್ ತಾಲ್ಲೂಕಿನ ನಮ್ಮ ಆಯಿ ಊರಿಗೆ ಹೋದೆ. ಜೊತೆಗೆ ನಾಲ್ಕು ಮಣ್ಣಿನ ಗಡಿಗೆ. ಬಣ್ಣ, ಪಾಲಿಶ್ ಇಲ್ಲದ ಗಡಿಗೆಯನ್ನು ಗಿಡದ ಪಕ್ಕ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚೋದು. ಮಣ್ಣು ಒಣಗಿದಷ್ಟೂ ಗಡಿಗೆ ಜಿನುಗ್ತದೆ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಚೀನಾದ ಕೃಷಿ ಪುಸ್ತಕವೊಂದರಲ್ಲೇ ಈ ಪದ್ಧತಿ ಇದೆ. ಮುಚ್ಚೋದು ಮರೀಬೇಡಿ, ಇಲ್ಲಾಂದ್ರೆ ಅದರಲ್ಲಿ ಸೊಳ್ಳೆ ಸಾಕಿದ ಹಾಗೆ.

ನಾನು ಇದನ್ನೆಲ್ಲಾ ವಿವರಿಸಿದ ಮೇಲೆ ಆಯಿ ಕೇಳಿದ್ದು ಒಂದೇ ಮಾತು. "ಗಡಿಗಿ ಛಲೋ ಅದ. ತುಂಬಲಕ್ಕ ನೀರು ಎಲ್ಲಿಂದ ತರ್ತಿ?"

ಹೊರಗೆ ಟ್ಯಾಂಕರ್‌ಗೆ ಕೊಡಗಳು ಸಾಲಾಗಿ ನಿಂತಿದ್ವು. ಮನೆಗೆ ಇಷ್ಟೇ ಕೊಡ ಅಂತ ಲೆಕ್ಕ. ಆ ಸಾಲಿನ ಮುಂದೆ ನಾನು ಗುಲಾಬಿಗೆ ನೀರು ಹಾಕೋದು ಹೆಂಗೆ? ಔರಾದ್ ಗಡಿ ದಾಟಿದ್ರೆ ಲಾತೂರ್ ಜಿಲ್ಲೆ. 2016ರ ಏಪ್ರಿಲ್‌ನಲ್ಲಿ ಲಾತೂರ್ ಶಹರಕ್ಕೆ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದಿದ್ದು ನಿಮಗೆ ನೆನಪಿರಬೇಕು. ನಾನಾಗ ಕಾಲೇಜಲ್ಲಿದ್ದೆ, ನಮಗದು ವಾಟ್ಸಾಪ್ ಫೋಟೊ. ಆಯಿಗೆ ಅದು ನೆರೆಯವರ ಸುದ್ದಿ.

ಆಯಿ ಹಿತ್ತಲಲ್ಲಿ ಒಂದು ನಿಂಬೆಗಿಡ, ಒಂದು ಕರಿಬೇವು ಹಸಿರಾಗಿದ್ವು. ನಾಲ್ಕು ಗುಲಾಬಿ ಒಣಗಿದ್ವು. ನೀರು ಸಾಲದೆ ಸತ್ತವು ಅಂದುಕೊಂಡೆ. ಹಂಗಲ್ಲ, ಹೋಳಿ ಹುಣ್ಣಿಮೆ ಆದ ಮೇಲೆ ಅವಳೇ ಅವಕ್ಕೆ ನೀರು ಬಿಟ್ಟುಬಿಟ್ಟಿದ್ಲು. "ಹೂವಿನ ಗಿಡ ಮಳಿ ಬಂದ್ಮ್ಯಾಲ ಮತ್ತ ಹಚ್ಚಬಹುದು. ಈ ನಿಂಬಿಗಿಡ ನಿಮ್ಮ ಮುತ್ಯಾ ಹಚ್ಚಿದ್ದು." ಮುಖ ತೊಳೆದ ನೀರು, ಕೈಕಾಲು ತೊಳೆದ ನೀರು, ಸಾಬೂನು ಹಾಕದ್ದು ಮಾತ್ರ, ಸಣ್ಣ ಕಾಲುವೆ ಮಾಡಿ ನಿಂಬೆಗಿಡದ ಬುಡಕ್ಕೆ ಬಿಟ್ಟಿದ್ದಾಳೆ. ನಾಲ್ಕು ಗಡಿಗೆಯಲ್ಲಿ ಎರಡು ಮಾತ್ರ ಹೂತ್ವಿ. ಉಳಿದ ಎರಡು ಈಗ ಅವಳ ಕುಡಿಯೋ ನೀರಿಗೆ.

ಹೋದ ವರ್ಷ ನಾನು 31 ಗಿಡಕ್ಕೂ ಸ್ವಲ್ಪ ಸ್ವಲ್ಪ ನೀರು ಹಂಚಿ, 31ನ್ನೂ ಬಾಯಾರಿಸಿದ್ದೆ. ಹಂಗಾಗಿ ಈ ವರ್ಷ ಮೂರು ಪಟ್ಟಿ ಮಾಡಿದ್ದೀನಿ. ಮೊದಲನೇದು ಕರಿಬೇವು, ನಿಂಬೆ, ದಾಸವಾಳದಂಥ ವರ್ಷಗಟ್ಟಲೆ ಬೆಳೆದವು. ಏನೇ ಆಗ್ಲಿ ಇವು ಉಳೀಬೇಕು. ಎರಡನೇದು ಮೆಣಸಿನಕಾಯಿ, ಪುದೀನಾ, ದಿನಾ ಅಡುಗೆಗೆ ಬೇಕಾದವು, ನೆರಳಲ್ಲಿಟ್ಟು ನಡೆಸೋದು. ಮೂರನೇದು, ನೀರು ಕಮ್ಮಿ ಆದ ದಿನ ಬಿಟ್ಟುಕೊಡೋವು. ನನ್ನ ಟೊಮೆಟೊ ಏಪ್ರಿಲ್‌ನಲ್ಲೇ ಮೂರನೇ ಪಟ್ಟಿಗೆ ಹೋಯ್ತು. ಕಿತ್ತು ಉಳಿದ ಕುಂಡಗಳಿಗೆ ಹೊದಿಕೆ ಮಾಡಿದೆ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ಅವ್ವ ಈ ವರ್ಷ ಒಂದು ಬಕೆಟ್ಟೂ ಮೇಲೆ ಹೊತ್ತಿಲ್ಲ.

ಮಾಡಬಾರದ್ದು ಬೇಗ ಹೇಳಿಬಿಡ್ತೀನಿ. ಈಗ ಯೂರಿಯಾ ಹಾಕಬೇಡಿ, ಕುಂಡ ಬದಲಿಸಬೇಡಿ, ಗಿಡ ಬೋಳಿಸಬೇಡಿ. ಎಲೆ ಅಡಿ ಸಣ್ಣ ಬಲೆ, ಕೆಂಪು ಚುಕ್ಕೆ ಕಂಡ್ರೆ ಅದು ನುಸಿ. ಬೆಳಿಗ್ಗೆ ಎಲೆ ಅಡಿಗೆ ನೀರು ಚಿಮುಕಿಸಿ, ಬೇವಿನೆಣ್ಣೆ ಹೊಡೆಯೋದಾದ್ರೆ ಸಂಜೆಗೆ.

ನೌಬಾದ್ ಹತ್ತಿರದ ಕರೇಜ್, ನಾವು ಸುರಂಗ ಬಾವಿ ಅಂತೀವಲ್ಲ, ನೋಡಿಲ್ಲಾಂದ್ರೆ ಒಮ್ಮೆ ಹೋಗಿ ಬನ್ನಿ. 15ನೇ ಶತಮಾನದಲ್ಲಿ, ಬಹಮನಿ ಕಾಲದಲ್ಲಿ, ಪರ್ಷಿಯಾದ ವಿದ್ಯೆ ತಂದು ಇದೇ ಜಂಬಿಟ್ಟಿಗೆ ಕೊರೆದು ನೆಲದಡಿ ನೀರು ಹರಿಸಿದ್ರು. ಬಿಸಿಲು ತಾಗದಿದ್ರೆ ನೀರು ಉಳೀತದೆ ಅಂತ ಅವರಿಗೆ ಗೊತ್ತಿತ್ತು. ಗಡಿಗೆ ಹೂಳೋದು, ರವದಿ ಹಾಸೋದು ಅದರದೇ ಸಣ್ಣ ರೂಪ.

ಕೊನೆಯದಾಗಿ, ಮೇ ಮುಗಿಯೋದರೊಳಗೆ ಮಾಳಿಗೆ ಗುಡಿಸಿ, ನೀರು ಇಳಿಯೋ ಪೈಪಿನ ಬಾಯಿ ಸ್ವಚ್ಛ ಮಾಡಿ ಇಡಿ. 20ಕ್ಕೆ 30 ಅಡಿ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 550 ಲೀಟರ್ ನೀರು. ನಮ್ಮ ಬಜೆಟ್‌ನಲ್ಲಿ ಅದು 18 ದಿನದ್ದು. ಮಿರ್ಗ ಬರೋವರೆಗೆ ತಡ್ಕೊಂಡ್ರೆ ಸಾಕು.

ನಿಮ್ಮ ಮೊದಲನೇ ಪಟ್ಟಿಯಲ್ಲಿ ಯಾವ ಗಿಡ ಇದೆ, ಯಾಕೆ ಇದೆ? ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಹಾಂ, ಹಕ್ಕಿಗೆ ಒಂದು ಬೋಗುಣಿ ನೀರು ಇಡೋದು ಬಜೆಟ್ಟಿನ ಹೊರಗೆ, ಅದಕ್ಕೆ ಲೆಕ್ಕ ಬೇಡ. ಬಿಸಿಲು ಏರ್ತಿದೆ, ನಾನು ಕೆಳಗಿಳೀತೀನಿ. ಬರ್ತೀನ್ರೀ, ಸಿಗೋಣ.