ಜಾಣ ಎನ್ನುವ ಮುನ್ನ

ಲೆಕ್ಕ ಸರಿಯಾಗಿ ಮಾಡಿದ ಮಗುವಿನ ಬೆನ್ನು ತಟ್ಟಿ "ನೀನು ಬಲು ಜಾಣ ಕಣೋ" ಎನ್ನುತ್ತೇವೆ. ಪ್ರೀತಿಯಿಂದ ಆಡುವ ಮಾತು. ಇದರಿಂದ ಮಗುವಿಗೆ ಕೆಡುಕಾದೀತೇ? ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳೊಂದಿಗೆ ಇದನ್ನು ಪರೀಕ್ಷಿಸಿದರು. ಅವರ ಪ್ರಬಂಧ ಪ್ರಕಟವಾದದ್ದು 1998ರಲ್ಲಿ.

ಮಕ್ಕಳಿಗೆ ಮೊದಲು ಕೈಗೆಟಕುವಂಥ ಚಿತ್ರದ ಒಗಟುಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು. ಮುಂದೆ ಎಂಥ ಒಗಟು ಬೇಕೆಂದು ಕೇಳಿದಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಜಾಣತನ ತೋರಿಸಲು ಅನುಕೂಲವಾದದ್ದನ್ನೇ ಆರಿಸಿಕೊಂಡರು. ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಬಹುಪಾಲು ಮಕ್ಕಳು ಹೊಸತನ್ನು ಕಲಿಸುವಂಥದ್ದನ್ನು ಕೇಳಿದರು. ಆಮೇಲೆ ಬಂದ ಕಠಿಣ ಒಗಟುಗಳಲ್ಲಿ ಎಲ್ಲರೂ ಎಡವಿದರು. ಮತ್ತೆ ಮೊದಲಿನಷ್ಟೇ ಸುಲಭವಾದವನ್ನು ಕೊಟ್ಟಾಗ ಮೊದಲ ಗುಂಪಿನ ಅಂಕ ಇಳಿದಿತ್ತು, ಎರಡನೆಯದರ ಅಂಕ ಏರಿತ್ತು. ತಮ್ಮ ಅಂಕವನ್ನು ತಾವೇ ಬರೆಯಬೇಕಾದಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಹೆಚ್ಚಿಸಿ ಬರೆದರು.

ಜಾಣತನ ಬಿರುದಾದರೆ ಪ್ರತಿ ತಪ್ಪೂ ಆ ಬಿರುದನ್ನು ಕಸಿಯಲು ಬಂದಂತೆ ಕಾಣುತ್ತದೆ. "ಇವನಿಗೆ ಗಣಿತ ತಲೆಗೆ ಹತ್ತೋದಿಲ್ಲ" ಎಂಬ ಮಾತಿನ ಕೆಲಸವೂ ಇಂಥದ್ದೇ. ಯತ್ನಿಸಿ ಪ್ರಯೋಜನವಿಲ್ಲವೆಂದು ಅದು ಮಗುವಿಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಸಾಮರ್ಥ್ಯ ಅಭ್ಯಾಸದಿಂದ ಬೆಳೆಯುತ್ತದೆ ಎಂಬ ನಂಬಿಕೆಯನ್ನೇ ಡ್ವೆಕ್ ಬೆಳವಣಿಗೆಯ ಮನೋಭಾವ ಎಂದರು.

ಹಾಗೆಂದು ಇದು ಮಂತ್ರವಲ್ಲ. ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಲ್ಲಿ ಸಂಶೋಧಕರು ಈ ವಿಚಾರ ತಿಳಿಸಿ ನೋಡಿದರು. ಫಲಿತಾಂಶ ಬಂದದ್ದು 2019ರಲ್ಲಿ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಅಂಕ ಏರಿತು, ಆದರೆ ತುಸುವೇ. ಕಷ್ಟದ ಕೆಲಸಕ್ಕೆ ಕೈಹಾಕುವುದನ್ನು ಸಹಪಾಠಿಗಳೂ ಮೆಚ್ಚುವ ಶಾಲೆಗಳಲ್ಲಿ ಫಲ ಹೆಚ್ಚು ಕಂಡಿತು. ಅಂದರೆ ಗೋಡೆಗೆ ಘೋಷವಾಕ್ಯ ಅಂಟಿಸಿದರೆ ಸಾಲದು, ತರಗತಿಯ ರೂಢಿ ಬದಲಾಗಬೇಕು.

ಅದು ಹೇಗೆಂದು ಒಂದು ಲೆಕ್ಕದಲ್ಲಿ ನೋಡೋಣ. 52ರಲ್ಲಿ 27 ಕಳೆದು ಮಗು 35 ಎಂದು ಬರೆದಿದೆ. "ಪರವಾಗಿಲ್ಲ, ಪ್ರಯತ್ನಪಟ್ಟೆಯಲ್ಲ" ಎಂದರೆ ಸಮಾಧಾನವಾದೀತು, ಲೆಕ್ಕ ಬರುವುದಿಲ್ಲ. ದಾರಿ ತಪ್ಪಿದ್ದರೆ ಎಷ್ಟು ಶ್ರಮಪಟ್ಟರೂ ಅದೇ ತಪ್ಪು ಮರಳುತ್ತದೆ. "ಹೇಗೆ ಮಾಡಿದೆ, ಹೇಳು" ಎಂದು ಕೇಳಿ. ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು, 7ರಿಂದ 2ನ್ನು, ಕಳೆದದ್ದು ಗೊತ್ತಾಗುತ್ತದೆ. ಆಗ 52ನ್ನು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳಾಗಿ ಇಟ್ಟು, ಒಂದು ಕಟ್ಟು ಬಿಚ್ಚಿಸಿ, ಹನ್ನೆರಡು ಬಿಡಿ ಕಡ್ಡಿಗಳಿಂದ ಏಳನ್ನು, ಉಳಿದ ಕಟ್ಟುಗಳಿಂದ ಎರಡನ್ನು ತೆಗೆಸಿ. 25 ಬಂದಾಗ "ಕಟ್ಟು ಬಿಚ್ಚಿದ್ದರಿಂದ ಬಂತು ನೋಡು" ಎನ್ನಿ. ಯಾವುದರಿಂದ ಗೆದ್ದೆನೆಂದು ಮಗುವಿಗೆ ತಿಳಿಯಿತು. ನಾಳೆಯ ಲೆಕ್ಕಕ್ಕೂ ಅದು ಒದಗುತ್ತದೆ.

ಮೊದಲ ಸಲಕ್ಕೇ 25 ಬರೆದವರನ್ನೂ "ಹೇಗೆ ಮಾಡಿದೆ" ಎಂದು ಕೇಳಿ, ಇನ್ನೂ ಕಠಿಣವಾದ ಲೆಕ್ಕವೊಂದನ್ನು ಕೊಡಿ. ಪೆನ್ಸಿಲ್ ಕಚ್ಚಿಕೊಂಡು ಕೂರುವ ಸರದಿ ಅವರಿಗೂ ಬರಲಿ. ಯೋಚಿಸಲು ಹೊತ್ತು ಬೇಕಾಗುವುದು ದಡ್ಡರಿಗೆ ಮಾತ್ರವಲ್ಲವೆಂದು ಇಡೀ ತರಗತಿಗೆ ಗೊತ್ತಾಗುವುದು ಆಗಲೇ.