ಆಡುವ ಹೊತ್ತನ್ನು ಕಾಯುವವರು ಬೇಕು

ಪ್ರೀತಿಯ ಪದವೀಧರರೇ,



ಘಟಿಕೋತ್ಸವದಲ್ಲಿ ಉದ್ಯೋಗ, ತಂತ್ರಜ್ಞಾನ, ದೇಶದ ಮುನ್ನಡೆ ಕುರಿತು ಮಾತಾಡುವುದು ರೂಢಿ. ನಾನು ಇವತ್ತು ಮೂರರಿಂದ ಆರು ವರ್ಷದ ಮಕ್ಕಳ ಆಟದ ಬಗ್ಗೆ ಮಾತಾಡುತ್ತೇನೆ. ಓಟ, ಚೆಂಡಾಟಗಳಲ್ಲ. ಅಡುಗೆಯಾಟ, ಟೀಚರ್ ಆಟ, ಡಾಕ್ಟರ್ ಆಟ, ಬಸ್ಸಿನಾಟದಂತೆ ಇಲ್ಲದ್ದನ್ನು ಇದೆಯೆಂದುಕೊಂಡು ಆಡುವ ಆಟಗಳು. ನಿಮ್ಮಲ್ಲಿ ಶಿಕ್ಷಣ, ಮನಶ್ಶಾಸ್ತ್ರ, ಮಾನವ ಅಭಿವೃದ್ಧಿ, ಸಮಾಜಕಾರ್ಯ ಓದಿದವರು ಅನೇಕರು. ನಾಳೆ ಮಕ್ಕಳ ದಿನಚರಿ ಹೇಗಿರಬೇಕೆಂದು ತೀರ್ಮಾನಿಸುವವರು ನೀವೇ. ಅದಕ್ಕೇ ಈ ವಿಷಯ.

ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೋಡೆಯ ಪಕ್ಕ ಸಾಲಾಗಿ ಇಟ್ಟ ಮಣೆಗಳೇ ಬಸ್ಸು. ಮುಂದೆ ಕೂತ ಹುಡುಗನ ಕೈಯಲ್ಲಿದ್ದ ಊಟದ ತಟ್ಟೆಯೇ ಸ್ಟೇರಿಂಗು. ನಾಲ್ಕು ವರ್ಷ ದಾಟಿದ ಹುಡುಗಿಯೊಬ್ಬಳು ಕಂಡಕ್ಟರ್. ಅವಳ ಕೈಯಲ್ಲಿ ಹೊಂಗೆ ಎಲೆಗಳು. ‘ಒಳಗೆ ಹೋಗಿ, ಹಿಂದೆ ಖಾಲಿ ಐತೆ’ ಎನ್ನುತ್ತ ಬಂದವಳು ಇನ್ನೊಬ್ಬ ಹುಡುಗಿಯ ಮುಂದೆ ನಿಂತು ‘ಆಧಾರ್ ಕಾರ್ಡ್ ತೋರ್ಸಮ್ಮ’ ಎಂದಳು. ಅವಳು ಖಾಲಿ ಅಂಗೈ ಚಾಚಿದಳು. ಕಂಡಕ್ಟರ್ ಆ ಅಂಗೈಯನ್ನು ಬಗ್ಗಿ ನೋಡಿ, ಒಂದು ಎಲೆ ಕೊಟ್ಟು ಮುಂದೆ ಹೋದಳು. ಹಿಂದಿದ್ದ ಹುಡುಗನಿಗೆ ‘ನೀನು ದುಡ್ಡು ಕೊಡಬೇಕು. ಚಿಲ್ರೆ ಇಲ್ಲ, ಇಳಿಯೋವಾಗ ಈಸ್ಕೊ’ ಎಂದಳು. ಅಷ್ಟರಲ್ಲಿ ಡ್ರೈವರ್‌ಗೆ ಹೊರಗೆ ಓಡುವ ಆಸೆಯಾಗಿ ಎದ್ದುಬಿಟ್ಟ. ‘ಏಯ್, ಡ್ರೈವರ್ ಎದ್ರೆ ಬಸ್ಸು ಹೊಂಡಕ್ಕೆ ಬೀಳ್ತದಂತೆ!’ ಎಂದು ಪ್ರಯಾಣಿಕರೆಲ್ಲ ಕೂಗಿಕೊಂಡರು. ಅವನು ವಾಪಸು ಬಂದು ಕೂತ. ಊರು ಬರುವ ತನಕ ಕದಲಲಿಲ್ಲ.

ಇಲ್ಲಿ ಏನೆಲ್ಲ ನಡೆಯಿತು, ಗಮನಿಸಿ. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಈ ಮಕ್ಕಳಿಗೆ ಯಾರೂ ಪಾಠ ಮಾಡಿಲ್ಲ. ಹೆಂಗಸರಿಗೆ ಯಾವ ಚೀಟಿ, ಗಂಡಸರಿಗೆ ಯಾವ ಚೀಟಿ ಎಂಬುದನ್ನು ಅಮ್ಮನ ಸೊಂಟದ ಮೇಲೆ ಕೂತೇ ನೋಡಿ ತಿಳಿದಿದ್ದಾರೆ; ತಿಳಿದದ್ದನ್ನು ಆಡಿ ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ. ಕೈಯಲ್ಲಿರುವುದು ಎಲೆಯೆಂದು ಕಂಡಕ್ಟರ್ ಹುಡುಗಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನು ಟಿಕೆಟ್ ಆಗಿ ನಡೆಸಿಕೊಳ್ಳುತ್ತಾಳೆ, ಎದುರಿನವಳೂ ಹಾಗೆಯೇ ತಿಳಿಯುತ್ತಾಳೆಂದು ನಂಬುತ್ತಾಳೆ. ಬಾಳೆಹಣ್ಣನ್ನು ಕಿವಿಗಿಟ್ಟು ಫೋನ್ ಮಾಡುವ ಮಗುವಿಗೆ ಹಣ್ಣಿನ ವಿಷಯದಲ್ಲಿ ಗೊಂದಲವಾಗುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿ ಆಲನ್ ಲೆಸ್ಲಿ 1987ರಲ್ಲಿ ಎತ್ತಿಕೊಂಡರು. ಆಟದ ಮಾತನ್ನು ನಿಜದಿಂದ ಬೇರೆಯಾಗಿ ಇಟ್ಟುಕೊಳ್ಳುವ ಈ ಶಕ್ತಿಗೂ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಶಕ್ತಿಗೂ ಬೇರು ಒಂದೇ ಎಂದು ಅವರು ವಾದಿಸಿದರು.

ಅದಕ್ಕೂ ಮುಂಚೆ, 1933ರಲ್ಲಿ, ರಷ್ಯಾದ ಲೆವ್ ವೈಗಾಟ್‌ಸ್ಕಿ ಲೆನಿನ್‌ಗ್ರಾಡ್‌ನಲ್ಲಿ ಆಟದ ಕುರಿತು ಒಂದು ಉಪನ್ಯಾಸ ಕೊಟ್ಟರು. ಕೋಲನ್ನು ಕುದುರೆ ಮಾಡಿಕೊಂಡ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತಿದೆ ಎಂಬುದು ಅವರ ವಿಚಾರ. ಒಂದರ ಬದಲು ಇನ್ನೊಂದನ್ನು ನಿಲ್ಲಿಸುವ ಈ ಅಭ್ಯಾಸವೇ ಮುಂದೆ ಬರವಣಿಗೆಗೆ ದಾರಿ ಮಾಡುತ್ತದೆಂದೂ ಅವರು ಹೇಳಿದರು. ಎಲೆ ಟಿಕೆಟ್ಟಾಗಬಹುದು ಎಂದು ಒಪ್ಪಿದ ಮಗು, ನಾಳೆ ಹಲಗೆಯ ಮೇಲಿನ ಒಂದು ಸೊಟ್ಟ ಗೆರೆ ‘ಅ’ ಎಂಬ ದನಿಯಾಗುವುದನ್ನೂ ಒಪ್ಪುತ್ತದೆ.

ಇನ್ನೊಂದು ಮಾತು ಆ ಡ್ರೈವರ್ ಹುಡುಗನದು. ‘ಸುಮ್ಮನೆ ಕೂತ್ಕೊ’ ಎಂದು ಟೀಚರ್ ಹೇಳಿದ್ದರೆ ಅವನು ಎಷ್ಟು ಹೊತ್ತು ಕೂರುತ್ತಿದ್ದ? ಸೋವಿಯತ್ ಸಂಶೋಧಕಿ ಮನುಯ್ಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲ್ಲಾಡದೆ ನಿಲ್ಲು ಎಂದು ಹೇಳಿಸಿಕೊಂಡು ನಿಂತದ್ದಕ್ಕಿಂತ, ಆಟದಲ್ಲಿ ಕಾವಲುಗಾರರಾದಾಗ ಮಕ್ಕಳು ಹೆಚ್ಚು ಹೊತ್ತು ಕದಲದೆ ನಿಂತರು. 2017ರಲ್ಲಿ ಅಮೆರಿಕದ ಸಂಶೋಧಕರು ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಬೇಸರ ಬರಿಸುವ ಹತ್ತು ನಿಮಿಷದ ಕೆಲಸ ಕೊಟ್ಟು, ಬೇಕಾದಾಗ ಟ್ಯಾಬ್ಲೆಟ್‌ನಲ್ಲಿ ಗೇಮ್ ಆಡಬಹುದು ಎಂದರು. ಬ್ಯಾಟ್‌ಮ್ಯಾನ್‌ನಂಥ ಪಾತ್ರದ ವೇಷ ತೊಟ್ಟ ಮಕ್ಕಳೇ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತದ್ದು. ಹೊರಗಿನವರ ಅಂಕೆಯಿಂದ ಬಾರದ ಶಿಸ್ತು ತಾನೇ ಒಪ್ಪಿದ ಪಾತ್ರದಿಂದ ಬರುತ್ತದೆ. ತನ್ನ ಆಸೆಯನ್ನು ತಾನೇ ತಡೆದು ಹಿಡಿಯುವುದನ್ನು ಮಗು ಮೊದಲು ಸಂತೋಷದಿಂದ ಕಲಿಯುವ ಜಾಗ ಇದು.

ಭಯಕ್ಕೂ ಆಟ ಆಸರೆಯಾಗುತ್ತದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತು ಕರೆದು ಇಂಜೆಕ್ಷನ್ ಚುಚ್ಚಿಸಿಕೊಂಡ ಮಗು ಸಂಜೆ ಗೊಂಬೆಗೆ ಕಡ್ಡಿಯಿಂದ ಚುಚ್ಚಿ, ‘ಆಯ್ತು ಆಯ್ತು, ನೋಯಲ್ಲ’ ಎಂದು ಊದುತ್ತದೆ. ಬೆಳಿಗ್ಗೆ ಅದರ ಕೈಯಲ್ಲಿ ಏನೂ ಇರಲಿಲ್ಲ; ಈಗ ನೋವೂ ಸಮಾಧಾನವೂ ಅದರ ಕೈಯಲ್ಲೇ ಇವೆ.

ಹಾಗೆಂದು ಆಟದ ಪರವಾಗಿ ಇಲ್ಲದ ಲಾಭಗಳನ್ನು ಹೇಳಿಕೊಂಡು ಹೋಗಬೇಡಿ. ವರ್ಜೀನಿಯಾ ವಿಶ್ವವಿದ್ಯಾಲಯದ ಆಂಜಲೀನ್ ಲಿಲ್ಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಇಂಥ ಆಟ ಆಡಿದ್ದರಿಂದಲೇ ಬುದ್ಧಿಮತ್ತೆ ಏರುತ್ತದೆ, ಸೃಜನಶೀಲತೆ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಭಾಷೆ, ಕಥೆ ಕಟ್ಟುವ ಶಕ್ತಿ, ಭಾವನೆಗಳ ಹತೋಟಿಯ ವಿಷಯದಲ್ಲಿ ಆಟ ಹಲವು ದಾರಿಗಳಲ್ಲಿ ಒಂದಿರಬಹುದು ಎಂದಷ್ಟೇ ಅವರು ಹೇಳಿದರು. ವಿದ್ಯಾವಂತರಾದ ನಾವು ಇದನ್ನು ಮುಚ್ಚಿಡಬಾರದು. ಆಟಕ್ಕೆ ಅಂಕ ಹೆಚ್ಚಿಸುವ ಕೆಲಸ ಹಚ್ಚಿದರೆ, ಅಂಕ ಬಾರದ ದಿನ ಆಟವನ್ನೇ ಕಿತ್ತುಹಾಕುತ್ತಾರೆ. ಮಗು ಇವತ್ತು ಪೂರ್ತಿ ಮಗುವಾಗಿ ಬದುಕುವುದು ಆಟದಲ್ಲಿ. ಕಾರಣ ಅಷ್ಟು ಸಾಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕೆಂದೇ ಕರೆದಿದೆ. ಭಾರತ 1992ರಲ್ಲಿ ಅದಕ್ಕೆ ಸಮ್ಮತಿ ಕೊಟ್ಟಿದೆ.

ನಮ್ಮಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಅವುಗಳಲ್ಲಿ ಒಂದು ನಮ್ಮ ಟಿ. ನರಸೀಪುರ. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ನಡುವಿಗೆ ತಂದಿದೆ. ಕಾಗದದ ಮೇಲೆ ಆಟ ಗೆದ್ದಿದೆ. ಸೋಲುತ್ತಿರುವುದು ದಿನದ ವೇಳಾಪಟ್ಟಿಯಲ್ಲಿ. ಮೂರೂವರೆ ವರ್ಷದ ಮಗುವಿಗೆ ನಾಲ್ಕು ಗೆರೆ ಪುಸ್ತಕ, ಹೋಮ್‌ವರ್ಕು, ಸಂಜೆ ಟ್ಯೂಷನ್ನು. ಉಳಿದ ಹೊತ್ತಿಗೆ ಮೊಬೈಲು. ಆಡಿಸುವ ಕಡೆಯೂ ಎಷ್ಟೋ ಸಲ ‘ಈಗ ಎಲ್ಲರೂ ಆನೆಯಾಗಿ’ ಎಂದು ಟೀಚರ್ ಹೇಳುತ್ತಾರೆ, ಮೂವತ್ತು ಮಕ್ಕಳು ಒಂದೇ ಥರ ಸೊಂಡಿಲು ಆಡಿಸುತ್ತಾರೆ. ಅದು ಕವಾಯತು. ಯಾರು ಏನಾಗಬೇಕು, ಬಸ್ಸು ಎಲ್ಲಿಗೆ ಹೋಗಬೇಕು ಎಂದು ಮಕ್ಕಳೇ ಜಗಳವಾಡಿ ತೀರ್ಮಾನಿಸಿದಾಗಲೇ ಅದು ಅವರ ಆಟ.

ಆದ್ದರಿಂದ ನನ್ನ ವಿನಂತಿಗಳು. ಶಿಕ್ಷಕರಾಗುವವರೇ, ತರಗತಿಯ ಒಂದು ಮೂಲೆಯನ್ನು ಹಳೆಯ ಸೀರೆ, ತೆಂಗಿನ ಚಿಪ್ಪು, ರಟ್ಟಿನ ಡಬ್ಬಿಗಳಿಗೆ ಬಿಟ್ಟುಕೊಡಿ. ಕರೆದರೆ ಮಾತ್ರ ಆಟದೊಳಗೆ ಹೋಗಿ. ಪ್ರಯಾಣಿಕರಾಗಿ ಹೋಗಿ, ಡಿಪೋ ಮ್ಯಾನೇಜರ್ ಆಗಿ ಬೇಡ. ಹುಡುಗ ಅಡುಗೆಯಾಟಕ್ಕೆ ಕೂತರೆ ಎಬ್ಬಿಸಬೇಡಿ. ಬೇಯಿಸುವುದೂ ಬಡಿಸುವುದೂ ಅವನಿಗೂ ಸೇರಿದ್ದು. ಮೇಲ್ವಿಚಾರಕರೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೂ ಆಗುವವರೇ, ಅಂಗನವಾಡಿಗೆ ಹೋದಾಗ ದಾಖಲೆ ಪುಸ್ತಕಗಳ ಜೊತೆಗೆ ಮಕ್ಕಳು ತಾವಾಗಿ ಏನಾಡುತ್ತಿದ್ದಾರೆ ಎಂದೂ ನೋಡಿ, ಅದನ್ನು ವರದಿಯಲ್ಲಿ ಬರೆಯಿರಿ. ಅಲ್ಲಿನ ಕಾರ್ಯಕರ್ತೆಗೆ ತೂಕ, ಸಮೀಕ್ಷೆ, ಆ್ಯಪ್‌ಗಳ ನಡುವೆ ಮಕ್ಕಳ ಜೊತೆ ಕೂರಲು ಬಿಡುವು ಸಿಗುವಂತೆ ವಾದ ಮಾಡಿ. ತಂದೆ ತಾಯಿಯಾಗುವವರೇ, ಮಗು ಕೊಟ್ಟ ಖಾಲಿ ಲೋಟದ ಕಾಫಿಯನ್ನು ಕುಡಿದು, ಸಕ್ಕರೆ ಸಾಲದು ಎಂದು ಹೇಳುವಷ್ಟು ಪುರುಸೊತ್ತು ಇಟ್ಟುಕೊಳ್ಳಿ.

ನೀವು ಯಾವ ಹುದ್ದೆಗೆ ಹೋದರೂ ಶಾಲೆಯ ವೇಳಾಪಟ್ಟಿ, ಬಡಾವಣೆಯ ನಕ್ಷೆ, ಇಲಾಖೆಯ ಸುತ್ತೋಲೆ ಒಂದಲ್ಲ ಒಂದು ದಿನ ನಿಮ್ಮ ಮೇಜಿಗೆ ಬರುತ್ತದೆ. ಸಹಿ ಹಾಕುವ ಮುಂಚೆ ‘ಇದರಲ್ಲಿ ಮಕ್ಕಳು ತಮ್ಮಿಷ್ಟದಂತೆ ಆಡುವ ಹೊತ್ತು ಎಲ್ಲಿದೆ?’ ಎಂದು ಕೇಳಿ. ಉತ್ತರ ಬರುವ ತನಕ ಸಹಿ ಹಾಕಬೇಡಿ. ಈ ಪದವಿ ನಿಮಗೆ ಕೊಟ್ಟಿರುವ ಅಧಿಕಾರಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋರುತ್ತಿಲ್ಲ.