ಕೂಸನ್ನು ಯಾರ ಕೈಗೆ ಕೊಡಬೇಕು?

(ಬೀದರದ ಗಾಂಧಿಗಂಜಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಹೊತ್ತಿನ ಭಾಷಣ ಕೂಲಿಯ ದರದ ಮೇಲೆಯೋ ತೂಕದ ಮೋಸದ ಮೇಲೆಯೋ ಇದ್ದೀತೆಂದು ನೀವು ತಿಳಿದು ಬಂದಿರಬಹುದು. ನಾನು ತೊಟ್ಟಿಲಿನ ಮಾತು ಆಡುವವನಿದ್ದೇನೆ. ಹಿಂದೆ ಯಾರೋ ನಕ್ಕಂತಾಯಿತು. ನಗಲಿ, ತಪ್ಪಿಲ್ಲ. ತೊಟ್ಟಿಲು ಹೆಂಗಸರ ಮಾತು, ಸಭೆಯ ಮಾತಲ್ಲ ಎಂದು ನಾನೂ ಬಹಳ ವರ್ಷ ತಿಳಿದಿದ್ದವನೇ. ಆ ತಿಳಿವಳಿಕೆಗೆ ದಂಡ ತೆತ್ತವಳು ಮಾತ್ರ ಬೇರೆಯವಳು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಔರಾದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಐದನೆಯ ಇಯತ್ತೆಗೆ ಕಲಿಸುತ್ತಿದ್ದೆ. ಗುಣಾಕಾರದಲ್ಲಿ ತರಗತಿಗೆಲ್ಲ ಮುಂದಿದ್ದ ಒಬ್ಬ ಹುಡುಗಿ ದಿನಾಲು ಸೊಂಟದ ಮೇಲೆ ತಮ್ಮನನ್ನು ಹೊತ್ತು ಬರುತ್ತಿದ್ದಳು. ಕೂಸು ಅತ್ತಾಗ ಬಾಗಿಲ ಹತ್ತಿರ ಹೋಗಿ ತೂಗುತ್ತ ನಿಲ್ಲುವಳು. ಅಲ್ಲಿಂದಲೇ ಗೋಡೆಗೆ ವಹಿ ಆನಿಸಿ ಲೆಕ್ಕ ಮಾಡುವಳು. ಒಂದು ಸಲ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ನಾನು ಆಕೆಗೆ ಹೇಳಿದೆ: ನಾಳೆಯಿಂದ ಕೂಸನ್ನು ಮನೆಯಲ್ಲಿ ಬಿಟ್ಟು ಬಾ. ಹುಡುಗಿ ವಿಧೇಯಳು, ನನ್ನ ಮಾತನ್ನು ನಡೆಸಿದಳು. ಕೂಸು ಮನೆಯಲ್ಲಿ ಉಳಿಯಿತು, ಕೂಸಿನ ಜೊತೆ ತಾನೂ ಉಳಿದಳು. ಹದಿನೈದು ದಿನ ಬಿಟ್ಟು ಮನೆಗೆ ಹೋಗಿ ಕೇಳಿದರೆ ಅವಳ ತಾಯಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಆಕಿ ಸಾಲಿಗಿ ಬಂದ್ರ ಕೂಸಿನ ಯಾರ್ ಹಿಡೀಬೇಕ್ರಿ ಮಾಸ್ತರ? ನಾ ಹೊಲಕ್ಕ ಹೋಗ್ಲಿಲ್ಲಂದ್ರ ಸಂಜಿಗಿ ಒಲಿ ಹೊತ್ತಂಗಿಲ್ಲ.” ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ತಿಂಗಳು ಗೈರುಹಾಜರು ಎಂದು ಬರೆದು, ಕಡೆಗೆ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಈಗ ವ್ಯಾಪಾರಸ್ಥರನ್ನು ಕೇಳುತ್ತೇನೆ. ನಿಮ್ಮ ಕಿರ್ದಿಯಲ್ಲಿ ಹಮಾಲಿ ಬರೆಯುತ್ತೀರಿ, ಬಾರದಾನ ಬರೆಯುತ್ತೀರಿ, ಚಹಾದ ಖರ್ಚನ್ನೂ ಬಿಡುವುದಿಲ್ಲ. ಮನೆಯ ಖರ್ಚಿನ ಲೆಕ್ಕದಲ್ಲಿ ಹಾಲು, ಜೋಳ, ಎಣ್ಣೆ, ದವಾಖಾನೆ ಎಲ್ಲಕ್ಕೂ ಒಂದೊಂದು ಸಾಲು ಇದೆ. ಕೂಸನ್ನು ನೋಡಿಕೊಳ್ಳುವುದಕ್ಕೆ ಯಾವ ಸಾಲು? ಸಾಲಿಲ್ಲದ್ದರಿಂದ ಅದು ಪುಕ್ಕಟೆಯ ಕೆಲಸವೆಂದು ನಾವು ನಂಬಿಬಿಟ್ಟಿದ್ದೇವೆ. ಪುಕ್ಕಟೆ ಆಗಿದ್ದರೆ ಆ ಹುಡುಗಿಯ ಹೆಸರಿನ ಮೇಲೆ ಕೆಂಪು ಗೆರೆ ಯಾಕೆ ಬಿತ್ತು? ಖರ್ಚು ಇದೆ. ತಾಯಿ ಬಿಟ್ಟ ಕೂಲಿಯಿಂದ, ದೊಡ್ಡ ಮಗಳು ಬಿಟ್ಟ ಶಾಲೆಯಿಂದ, ಅಜ್ಜಿಯ ಸವೆದ ಮೊಳಕಾಲಿನಿಂದ ಅದು ಸಂದಾಯವಾಗುತ್ತಿದೆ. ರಸೀದಿ ಸಿಕ್ಕುವುದಿಲ್ಲ, ಅಷ್ಟೇ.

ಅಜ್ಜಿಯ ಮಾತು ನನ್ನ ಮನೆಯದೇ. ಮಾಸ್ತರಿಕೆ ಬಿಟ್ಟು ಸಂಘಟನೆಗೆ ಬಂದವನ ಮನೆಯಲ್ಲಿ ಒಲೆ ಹೊತ್ತುವುದು ಹೆಂಡತಿಯ ಹೊಲಿಗೆಯಂತ್ರದಿಂದ ಎಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ನಮ್ಮ ಮಗು ಹುಟ್ಟಿದಾಗ ಅತ್ತೆಯವರು ಔರಾದದಿಂದ ಬಂದು ಎರಡು ವರ್ಷ ನಿಂತರು. ಅವರು ಜ್ವರ ಹಿಡಿದು ಮಲಗಿದ ವಾರದಲ್ಲಿ ಒಂದು ಜಂಪರೂ ಹೊಲಿದು ಮುಗಿಯಲಿಲ್ಲ. ಆಗ ನನಗೆ ತಿಳಿಯಿತು, ನಾವು ಇಷ್ಟು ದಿನ ಯಾರ ಸಾಲದಲ್ಲಿ ಇದ್ದೆವೆಂದು. ಎಲ್ಲರ ಮನೆಯಲ್ಲೂ ಅಜ್ಜಿ ಇರುವುದಿಲ್ಲ. ಇದ್ದರೂ ಎಷ್ಟೋ ಅಜ್ಜಿಯರು ತಾವೇ ಕೂಲಿಗೆ ಹೋಗುತ್ತಾರೆ.

ಗಂಜಿನ ಒಳಗೇ ಒಂದು ಸುತ್ತು ಹಾಕಿ ಬನ್ನಿ. ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಮರ ಹಿಡಿದು ಕೂತಿರುವಲ್ಲಿ, ಎರಡು ಚೀಲದ ಥಪ್ಪಿಗಳ ನಡುವೆ ಸೀರೆಯ ಜೋಳಿಗೆ ಕಟ್ಟಿರುತ್ತಾರೆ. ತೊಗರಿಯ ಹೊಟ್ಟಿನ ಧೂಳಿನಲ್ಲಿ ದೊಡ್ಡವರೇ ಕೆಮ್ಮುತ್ತಾರೆ. ಆರು ತಿಂಗಳ ಕೂಸಿನ ಎದೆ ಎಷ್ಟು ತಡೆದೀತು? ಊರೊಳಗೆ ಬಿದ್ರಿ ಕೆಲಸದ ಮನೆಗಳಿಗೆ ಹೋಗಿ. ಅಲ್ಲಿ ಮನೆಯೇ ಕಾರ್ಖಾನೆ. ಸತುವು ಕರಗಿಸುವ ಒಲೆ, ಕೆತ್ತುವ ಮುಂಚೆ ಬಳಿಯುವ ಮೈಲುತುತ್ತದ ನೀರು, ಕಡೆಯಲ್ಲಿ ಕೋಟೆಯ ಮಣ್ಣಿನ ಜೊತೆ ಕಲಸುವ ನವಸಾಗರ, ಇಷ್ಟೂ ಅಂಬೆಗಾಲಿನ ಮಗುವಿನ ಕೈಗೆಟುಕುವ ಎತ್ತರದಲ್ಲಿ. ಮೈಲುತುತ್ತದ ನೀಲಿ ಬಣ್ಣ ಮಕ್ಕಳಿಗೆ ಎಷ್ಟು ಚಂದ ಕಾಣುತ್ತದೆಂದು ಹೇಳಬೇಕಾಗಿಲ್ಲ. ಭಾಲ್ಕಿಯ ಪೇಟೆಯಲ್ಲಿ ಗಂಡ ಮಾಲು ತರಲು ಹೋದಾಗ ಹೆಂಡತಿ ಅಂಗಡಿಯಲ್ಲಿ ಕೂಡುತ್ತಾಳೆ. ಕೂಸು ಗಲ್ಲಾಪೆಟ್ಟಿಗೆಯ ಕೆಳಗೆ ಮಲಗಿರುತ್ತದೆ. ಸಣ್ಣ ವ್ಯಾಪಾರಿ ಸಾವುಕಾರನಲ್ಲ. ಈ ವಿಷಯದಲ್ಲಿ ಅವನೂ ಅವನ ಹತ್ತಿರ ದುಡಿಯುವವಳೂ ಒಂದೇ ದೋಣಿಯವರು.

ಸರಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುವುದು. ಅಂಗನವಾಡಿ ಎಂಬ ಹೆಸರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ತಾರಾಬಾಯಿ ಮೋಡಕ್ ಮಕ್ಕಳ ಕೇಂದ್ರ ತೆರೆದು, ಶಾಲೆಗೆ ಬಾರದ ಬಡವರ ಮಕ್ಕಳಿಗಾಗಿ ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ಅನುತಾಯಿ ವಾಘ್ ಅವರ ಜೊತೆಗಿದ್ದರು. ಮೂವತ್ತು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರ ದೇಶದಲ್ಲಿ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ನಮ್ಮ ರಾಜ್ಯದಲ್ಲಿ ಟಿ. ನರಸೀಪುರ ಮೊದಲಿನದಾಯಿತು. ಇಂದು ಅಂಗನವಾಡಿ ಇಲ್ಲದ ಊರು ಕಾಣಸಿಗುವುದು ಕಷ್ಟ. ಅದನ್ನು ನಡೆಸುವ ಅಕ್ಕಂದಿರಿಗೆ ಸಿಗುವುದು ಗೌರವಧನ, ಪಗಾರವಲ್ಲ. ಅವರಿಗೆ ಗ್ರಾಚುಟಿಯ ಹಕ್ಕುಂಟೆಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. ಇರಲಿ.

ಆದರೆ ಅಂಗನವಾಡಿಯಲ್ಲಿ ಕೂಡುವುದು ಮೂರರಿಂದ ಆರು ವರ್ಷದ ಮಗು. ಅದಕ್ಕಿಂತ ಸಣ್ಣದಕ್ಕೆ ಮನೆಗೆ ಆಹಾರದ ಪೊಟ್ಟಣ ಬರುತ್ತದೆ; ಎತ್ತಿಕೊಳ್ಳುವ ಕೈ ಬರುವುದಿಲ್ಲ. ಹೆರಿಗೆಯಾಗಿ ಕೆಲವು ತಿಂಗಳಿಗೆ ತಾಯಿ ಮರ ಹಿಡಿಯುತ್ತಾಳೆ. ಅಲ್ಲಿಂದ ಮೂರು ವರ್ಷದ ತನಕ ಏನು ಗತಿ? ನಾನು ಆಡುತ್ತಿರುವ ಮಾತೆಲ್ಲ ಈ ಎರಡೂವರೆ ವರ್ಷದ ಮಾತು.

ರಾಜ್ಯ ಸರಕಾರ 2023–24ರ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಇದು. ಹೆಸರೂ ಚಂದ, ಉದ್ದೇಶವೂ ಚಂದ. ನನಗೆ ಕಂಡ ಎರಡು ಕೊರತೆ ಹೇಳುತ್ತೇನೆ. ನೋಡಿಕೊಳ್ಳುವವರ ಕೂಲಿಯನ್ನು ಖಾತ್ರಿಯ ನೂರು ದಿನದ ಲೆಕ್ಕಕ್ಕೆ ಕಟ್ಟಿದರು. ನೂರು ದಿನ ಮುಗಿದರೆ ಮತ್ತೊಬ್ಬರು. ಕೂಸಿಗೆ ಬೇಕಾದದ್ದು ಗುರುತಿನ ಮುಖ. ಮುಖ ಹಚ್ಚಿಕೊಳ್ಳುವಷ್ಟರಲ್ಲಿ ಮುಖ ಬದಲು. ಎರಡನೆಯದು, ಅದು ಪಂಚಾಯತಿಯದು. ಬೀದರ ಶಹರದಲ್ಲಿ ಬೇಳೆ ಹಸನು ಮಾಡುವವಳಿಗೂ ಭಾಲ್ಕಿಯಲ್ಲಿ ಅಂಗಡಿ ಕಾಯುವವಳಿಗೂ ಅದರ ಬಾಗಿಲು ಇಲ್ಲ.

ಇನ್ನು ಕಾಯಿದೆ. 1948ರ ಕಾರ್ಖಾನೆ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರತಕ್ಕದ್ದೆಂದಿತು. 1976ರಲ್ಲಿ ಅದನ್ನು ಮೂವತ್ತಕ್ಕೆ ಇಳಿಸಿದರು. ಹೆಣ್ಣಾಳುಗಳನ್ನೇ ಎಣಿಸುವ ಕಾಯಿದೆಯಿಂದ ಮಾಲೀಕ ಕಲಿಯುವ ಪಾಠ ಯಾವುದು? ಮೂವತ್ತಕ್ಕೆ ನಿಲ್ಲಿಸು, ಮೂವತ್ತೊಂದನೆಯವಳನ್ನು ಒಳಗೆ ಬಿಡಬೇಡ! ಕೂಸು ಹೆಣ್ಣಿನದಷ್ಟೇ, ಗಂಡಸಿಗೆ ಕೂಸೇ ಇಲ್ಲ ಎಂಬಂತಿತ್ತು ಆ ಎಣಿಕೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯನ್ನು ತಿದ್ದಿ, ಗಂಡಾಗಲಿ ಹೆಣ್ಣಾಗಲಿ ಐವತ್ತು ಜನರಿದ್ದರೆ ಶಿಶುಗೃಹ ಎಂದರು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದೆಂದೂ ಬರೆದರು. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನೇ ಮುಂದುವರಿಸಿದೆ. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕಾರ್ಮಿಕ ಸಂಹಿತೆಗಳ ಬಗ್ಗೆ ನಮ್ಮ ತಕರಾರು ಬಹಳ ಇದೆ, ಅದನ್ನು ಬೇರೆ ದಿನ ಆಡೋಣ. ಆದರೆ ಇದರ 67ನೆಯ ಕಲಮಿನಲ್ಲಿ ಒಂದು ಸಾಲು ನಮ್ಮ ಕೆಲಸಕ್ಕೆ ಬರುವಂತಿದೆ. ಹಲವು ಸಂಸ್ಥೆಗಳು ತಮ್ಮಲ್ಲಿ ಹಣ ಕೂಡಿಸಿ ಒಂದೇ ಶಿಶುಗೃಹ ನಡೆಸಬಹುದು, ಪುರಸಭೆಯವರು ನಡೆಸುವುದನ್ನು ಬಳಸಿಕೊಳ್ಳಲೂಬಹುದು ಎಂದಿದೆ.

ನಮ್ಮ ದಾಲ್ ಮಿಲ್ಲುಗಳಲ್ಲಿ ಐವತ್ತು ಜನ ಎಷ್ಟು ಕಡೆ ಇದ್ದಾರೆ, ನೀವೇ ಎಣಿಸಿ. ಅಂಗಡಿಗಳ ಮಾತಂತೂ ಬೇಡ. ಕಾಯಿದೆ ನಮ್ಮನ್ನು ಮುಟ್ಟದಿದ್ದರೂ ಅದು ತೋರಿಸಿದ ದಾರಿ ನಮ್ಮದಾಗಬಾರದೆಂದೇನೂ ಇಲ್ಲ. ಖರ್ಚಿನ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ದರ ಬೇರೆಯಿದ್ದರೆ ನಿಮ್ಮ ದರ ಹಾಕಿ ನೋಡಿ.

ಮೂರು ವರ್ಷದೊಳಗಿನ ಹನ್ನೆರಡು ಕೂಸುಗಳು. ನೋಡಲು ಇಬ್ಬರು ಹೆಣ್ಣುಮಕ್ಕಳು; ಒಬ್ಬಳಿಗೆ ಆರು ಕೂಸೆಂದರೆ ಅದೂ ಭಾರವೇ. ದಿನಕ್ಕೆ 400 ರೂಪಾಯಿಯಂತೆ 26 ದಿನ, ಇಬ್ಬರಿಗೆ 20,800. ಒಂದು ಕೋಣೆಯ ಬಾಡಿಗೆ 3,000. ಹಾಲು, ಕಿಚಡಿ ಕೂಸಿಗೆ ದಿನಕ್ಕೆ 15 ರೂಪಾಯಿ ಹಿಡಿದರೆ 4,680. ಸಾಬೂನು, ಚಾಪೆ, ಗ್ಯಾಸು, ಔಷಧಿಗೆ 1,520. ಒಟ್ಟು 30,000, ಕೂಸೊಂದಕ್ಕೆ ತಿಂಗಳಿಗೆ 2,500.

ಅದೇ 400ರ ಕೂಲಿಯ ತಾಯಿಗೆ ತಿಂಗಳಿಗೆ ಬರುವುದು 10,400. ಅದರಲ್ಲಿ ಹೆಚ್ಚುಕಡಿಮೆ ನಾಲ್ಕಾಣೆ ಪಾಲು ಹೋಯಿತು. ಇಬ್ಬರು ಕೂಸುಗಳಿದ್ದರೆ ಅರ್ಧ ಹೋಯಿತು. ಆಗ ಅವಳು ಕೆಲಸಕ್ಕೆ ಬರುವುದಕ್ಕಿಂತ ಮನೆಯಲ್ಲಿ ಕೂಡುವುದೇ ವಾಸಿ ಎಂದುಕೊಂಡರೆ ತಪ್ಪೇನು? ಗೃಹಲಕ್ಷ್ಮಿಯ ಎರಡು ಸಾವಿರ ಇದೆಯಲ್ಲ ಎನ್ನುವಿರಿ. 2023ರ ಆಗಸ್ಟಿನಿಂದ ಆ ಹಣ ಬರುತ್ತಿರುವುದು ಮನೆಯ ಯಜಮಾನಿಗೆ. ಯಜಮಾನಿ ಎಷ್ಟೋ ಕಡೆ ಅತ್ತೆ. (ಕೂಸು ಆಡಿಸುವವಳು ನಾನೇ, ನನ್ನ ಪಗಾರವೇ ಅದು ಎಂದು ಅತ್ತೆ ಹೇಳಿದರೆ ಸೊಸೆಯಂದಿರು ಸಿಟ್ಟಾಗಬೇಡಿ, ನ್ಯಾಯವಿದೆ.) ಅದು ಆಗಲೇ ಎಣ್ಣೆಗೂ ದವಾಖಾನೆಗೂ ಹಂಚಿಹೋಗಿರುತ್ತದೆ.

ಇಲ್ಲಿ ಒಬ್ಬ ಅಣ್ಣ ಕೈ ಎತ್ತಿದರು. ಯಾರಾದರೂ ಮುದುಕಿಗೆ ಎರಡು ಸಾವಿರ ಕೊಟ್ಟರೆ ಸಾಲದೇ, ನಾನೂರರ ಕೂಲಿ ಯಾಕೆ ಎಂದು ಕೇಳುತ್ತಾರೆ. ಅಣ್ಣ, ಖರ್ಚು ಇಳಿಸುವ ಅತಿ ಸುಲಭದ ದಾರಿ ಅದೇ, ಅದಕ್ಕೇ ನನಗೆ ಅದರ ಭಯ. ನಮ್ಮ ಕೂಸಿನ ಭಾರವನ್ನು ನಮಗಿಂತ ಬಡವಳ ತಲೆಗೆ ಹೊರಿಸಿದಂತಾಗುವುದು. ಎರಡು ಸಾವಿರದವಳು ಹಬ್ಬಕ್ಕೆ ಹೋಗಿ ತಿರುಗಿ ಬರುವುದಿಲ್ಲ. ಮರಳಿ ಕೂಸು ಚೀಲಗಳ ನಡುವೆ. ತೊಗರಿ ಹಸನು ಮಾಡುವವಳಿಗೆ ಎಷ್ಟೋ, ಮಗುವನ್ನು ಹಸನಾಗಿಡುವವಳಿಗೆ ಅಷ್ಟಾದರೂ ಬೇಕು.

ಹಾಗಾದರೆ ಹಣ ಎಲ್ಲಿಂದ? ಸ್ವೀಡನ್ ದೇಶದಲ್ಲಿ 2002ರಲ್ಲಿ ಶಿಶುಗೃಹದ ಶುಲ್ಕಕ್ಕೆ ಮಿತಿ ಹಾಕಿದರು: ಮೊದಲ ಮಗುವಿಗೆ ಮನೆಯ ಆದಾಯದ ನೂರಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು, ಉಳಿದದ್ದು ಸಾರ್ವಜನಿಕರ ಹಣ. ನಾವು ಸ್ವೀಡನ್ ಅಲ್ಲ, ಆದರೆ ಹಂಚಿಕೊಳ್ಳುವ ಲೆಕ್ಕ ನಮಗೂ ಬರುತ್ತದೆ. ತಾಯ್ತಂದೆಯರು ಕೂಸಿಗೆ 800 ಕೊಡಲಿ, 9,600 ಆಯಿತು. ಉಳಿದ 20,400ನ್ನು ನಲವತ್ತು ಮಿಲ್ಲು, ಅಡತ್, ಅಂಗಡಿಗಳು ಹಂಚಿಕೊಂಡರೆ ತಲಾ 510, ದಿನಕ್ಕೆ 17 ರೂಪಾಯಿ. ನಗರಾಡಳಿತವೋ ಗಂಜಿನ ಸಮಿತಿಯೋ ಒಂದು ಕೋಣೆ ಬಿಟ್ಟುಕೊಟ್ಟರೆ ಬಾಡಿಗೆಯೂ ಉಳಿಯಿತು. ಕೇಂದ್ರದ ‘ಪಾಲನಾ’ ಯೋಜನೆಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಗೃಹ ಕೊಡಲು ಅವಕಾಶವಿದೆ. ನಮ್ಮ ಪೇಟೆಗಳಿಗೂ ಕೊಡಿರೆಂದು ಅರ್ಜಿ ಹಾಕಬೇಕು. ಅರ್ಜಿಯನ್ನು ನಾನು ಬರೆಯುತ್ತೇನೆ, ಮಾಸ್ತರನಿಗೆ ಅಷ್ಟಾದರೂ ಬರುತ್ತದೆ. ಸಂವಿಧಾನದ 45ನೆಯ ವಿಧಿ, 2002ರ ತಿದ್ದುಪಡಿಯ ಮೇಲೆ, ಆರು ವರ್ಷದ ತನಕದ ಮಕ್ಕಳ ಆರೈಕೆಗೆ ಸರಕಾರ ಯತ್ನಿಸತಕ್ಕದ್ದು ಎನ್ನುತ್ತದೆ. ಯತ್ನಿಸದಿದ್ದರೆ ಕೋರ್ಟಿಗೆ ಎಳೆಯುವಂತಿಲ್ಲ. ಆದ್ದರಿಂದ ಕೇಳುವ ಬಾಯಿ ಹೆಚ್ಚು ಬೇಕು.

ಇದು ಆಗದ ಕೆಲಸವಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಾಬ್ದಿಯ ಕಟ್ಟಡಗಳು ಏಳುತ್ತಿದ್ದಾಗ, ಕೂಲಿಯವರ ಮಕ್ಕಳು ಮಣ್ಣಿನಲ್ಲಿ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ ಎಂಬಾಕೆ ಅಲ್ಲಿಯೇ ಡೇರೆ ಹಾಕಿಸಿ ಶಿಶುಗೃಹ ತೆರೆದರು. ಕಟ್ಟಡ ಎಲ್ಲೋ ಶಿಶುಗೃಹ ಅಲ್ಲಿ ಎಂಬುದು ಅವರ ರೀತಿ. ಔರಾದದ ಕಡೆಯಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಇದರ ಬೆಲೆ ಬೇಗ ತಿಳಿದೀತು. ಅಹಮದಾಬಾದಿನಲ್ಲಿ ‘ಸೇವಾ’ ಸಂಘಟನೆಯ ದುಡಿಯುವ ಹೆಣ್ಣುಮಕ್ಕಳು ಶಿಶುಪಾಲನೆಗೆಂದೇ ಸಹಕಾರ ಸಂಘ ಕಟ್ಟಿಕೊಂಡಿದ್ದಾರೆ; ಕೂಸುಗಳನ್ನು ನೋಡಿಕೊಳ್ಳುವವರೇ ಅದರ ಸದಸ್ಯರು. ಅಲ್ಲಿಯ ಬೀಡಿ ಕಟ್ಟುವವಳು, ತರಕಾರಿ ಮಾರುವವಳು ಮಾಡಿದ್ದನ್ನು ಬೀದರದವರು ಮಾಡಲಾರರೇ?

ಹಣಕ್ಕಿಂತ ಕಠಿಣವಾದ ಒಂದು ಪ್ರಶ್ನೆ ಇದೆ, ಮುಚ್ಚಿಡುವುದಿಲ್ಲ. ಒಂದೇ ಚಾಪೆಯ ಮೇಲೆ ಎಲ್ಲರ ಕೂಸುಗಳು ಮಲಗಬೇಕು, ಒಂದೇ ಪಾತ್ರೆಯ ಕಿಚಡಿ ತಿನ್ನಬೇಕು, ಎತ್ತಿಕೊಳ್ಳುವವಳ ಜಾತಿ ಯಾವುದೆಂದು ಯಾರೂ ಕೇಳಬಾರದು. ನಲವತ್ತು ಅಂಗಡಿಯವರು 17 ರೂಪಾಯಿ ಕೊಡಲು ಒಪ್ಪಿ, ಇದೊಂದಕ್ಕೆ ಮುರಿದುಬಿದ್ದೀತೆಂಬ ಅಂಜಿಕೆ ನನಗಿದೆ. ಮೊದಲ ದಿನವೇ ಎದುರುಬದುರು ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳದಿದ್ದರೆ ಕೋಣೆಗೆ ಬಾಡಿಗೆ ಕೊಡುವುದೇ ಬೇಡ.

ಗಂಜಿಗೆ ರಜೆಯಿರುವ ಮುಂದಿನ ದಿನ ಸಂಜೆ ಇದೇ ಜಾಗದಲ್ಲಿ ಕೂಡೋಣ. ಬರುವಾಗ ಹೆಂಡಂದಿರನ್ನು ಕರೆದುಕೊಂಡು ಬನ್ನಿ. ಈ ಸಭೆಯಲ್ಲಿ ಅಕ್ಕಂದಿರು ಹನ್ನೊಂದೇ ಜನ ಇದ್ದೀರಿ, ಎಣಿಸಿದ್ದೇನೆ. ಒಂದು ಚೀಟಿಯಲ್ಲಿ ನಿಮ್ಮ ಕೂಸಿನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆದು ತನ್ನಿ, ತಾಯಿ ಎಷ್ಟು ಗಂಟೆಗೆ ಕೆಲಸಕ್ಕೆ ಬಂದು ಎಷ್ಟಕ್ಕೆ ಬಿಡುತ್ತಾಳೆಂಬುದನ್ನೂ ಬರೆಯಿರಿ. ಈಗ ಕೂಸನ್ನು ನೋಡಿಕೊಳ್ಳುತ್ತಿರುವುದು ದೊಡ್ಡ ಮಗಳಾಗಿದ್ದರೆ, ಅವಳು ಯಾವ ಇಯತ್ತೆಯಲ್ಲಿ ಶಾಲೆ ಬಿಟ್ಟಳು ಎಂಬುದನ್ನು ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆಯಿರಿ.